ಕುತ್ತಿಗೆ ನೋವಿಗೆ ಹಾಸಿಗೆಯೂ ಮದ್ದಲ್ಲ, ಹೊರೆಯೂ ಮದ್ದಲ್ಲ

ಎತ್ತಿನ ಹೆಗಲು ಬಾತುಕೊಂಡರೆ ಯಾವ ರೈತನೂ ಅದಕ್ಕೆ ನೊಗ ಹೂಡುವುದಿಲ್ಲ. ಬಾವು ಇಳಿಯುವವರೆಗೆ ಕೆಲಸದಿಂದ ಬಿಡಿಸಿ, ಮೇಯಲು ಬಿಟ್ಟು, ಆಮೇಲೆ ಮೊದಲು ಖಾಲಿ ಬಂಡಿಗೆ, ನಂತರ ಕುಂಟೆಗೆ, ಕೊನೆಗೆ ನೇಗಿಲಿಗೆ ಹೂಡುತ್ತಾನೆ. ಹಾಗೆಂದು ಆ ಎತ್ತನ್ನು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟಿಹಾಕುವುದೂ ಇಲ್ಲ. ಕಟ್ಟಿಹಾಕಿದ ಎತ್ತು ಕೆಲಸಕ್ಕೆ ಬಾರದೆಂಬುದು ಅವನಿಗೆ ಚೆನ್ನಾಗಿ ತಿಳಿದಿದೆ. ದನದ ವಿಷಯದಲ್ಲಿ ಇಷ್ಟು ವಿವೇಕ ತೋರುವ ನಮ್ಮ ರೈತ ಬಾಂಧವರು ತಮ್ಮ ಸ್ವಂತ ಕುತ್ತಿಗೆಯ ವಿಷಯ ಬಂದಾಗ ಮಾತ್ರ ಅದನ್ನು ಮರೆಯುತ್ತಿರುವುದು ವಿಷಾದದ ಸಂಗತಿ.

ಕುತ್ತಿಗೆಯ ಡಿಸ್ಕ್ ಉಬ್ಬಿದೆ ಎಂದು ವೈದ್ಯರು ಹೇಳಿದೊಡನೆ ಕೆಲವರು ಕೊರಳಿಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಜಗಲಿ ಹಿಡಿದು ಕೂರುತ್ತಾರೆ. ಹೊಲವನ್ನು ಕೋರಿಗೆ ಕೊಟ್ಟು, ಜೋಡೆತ್ತನ್ನು ಮಾರಿ, ಇನ್ನು ನನ್ನಿಂದ ಆಗದು ಎಂದು ನಿರ್ಧರಿಸಿಬಿಡುತ್ತಾರೆ. ಇನ್ನು ಕೆಲವರು ಅಂಗಡಿಯ ಮಾತ್ರೆ ನುಂಗಿ, ನೋವು ಕೊಂಚ ತಗ್ಗಿದ ದಿನವೇ ಗೊಬ್ಬರದ ಚೀಲವನ್ನು ಮತ್ತೆ ತಲೆಗೇರಿಸುತ್ತಾರೆ. ಮೊದಲನೆಯವರ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಎರಡನೆಯವರ ನರಕ್ಕೆ ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತದೆ. ಕೊನೆಗೆ ಇಬ್ಬರ ಸಂಸಾರಕ್ಕೂ ದುಡಿಮೆ ತಪ್ಪುವ ಸಂಭವವಿದೆ.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಹೊರೆಯನ್ನು ತಲೆಯಿಂದ ಇಳಿಸುವುದು, ಜೊತೆಗೆ ಕುತ್ತಿಗೆಯನ್ನು ಅಳತೆಯ ವ್ಯಾಯಾಮದಿಂದ ಮತ್ತೆ ಕೆಲಸಕ್ಕೆ ಪಳಗಿಸುವುದು. ಇವೆರಡೂ ಜೊತೆಜೊತೆಯಾಗಿ ನಡೆಯಬೇಕು. ಹೊರೆ ಹೊರುತ್ತಲೇ ವ್ಯಾಯಾಮ ಮಾಡಿದರೆ ಫಲವಿಲ್ಲ. ಹೊರೆ ಇಳಿಸಿ ಸುಮ್ಮನೆ ಮಲಗಿದರೂ ಫಲವಿಲ್ಲ. ರೋಗವನ್ನು ಪರೀಕ್ಷಿಸಿ ಔಷಧ ಹೇಳತಕ್ಕವರು ವೈದ್ಯರು. ಆದರೆ ಆ ಹೊರೆ ಹುಟ್ಟುವುದು ನಮ್ಮ ಹೊಲಗದ್ದೆಗಳಲ್ಲಿ. ಆದುದರಿಂದ ಈ ವಿಷಯವನ್ನು ಕೃಷಿ ಪುಟದಲ್ಲಿ ಚರ್ಚಿಸುವುದು ಅಗತ್ಯವಾಗಿದೆ.

ಡಿಸ್ಕ್ ಉಬ್ಬುವುದು ಎಂದರೇನು?

ನಮ್ಮ ಕುತ್ತಿಗೆಯಲ್ಲಿ 7 ಎಲುಬಿನ ಮಣಿಗಳು ಒಂದರ ಮೇಲೊಂದು ಕುಳಿತಿವೆ. ಮೇಲಿನ ಎರಡು ಮಣಿಗಳ ನಡುವೆ ಬಿಟ್ಟರೆ, ಉಳಿದ ಮಣಿಗಳ ನಡುವೆ ಒಂದೊಂದು ಮೆತ್ತೆ ಇದೆ. ಇದನ್ನೇ ಡಿಸ್ಕ್ ಎನ್ನುತ್ತಾರೆ. ಇದರ ಹೊರಭಾಗ ಬಿಗಿಯಾದ ನಾರಿನ ಪಟ್ಟೆ, ಒಳಭಾಗ ಅಂಟಿನಂಥ ಮೆದು ಪದಾರ್ಥ. ವಯಸ್ಸು, ಭಾರ, ಬಾಗು ಇವುಗಳಿಂದ ನಾರು ಸಡಿಲಗೊಂಡಾಗ ಮೆತ್ತೆ ಅಂಚಿನಿಂದ ಹೊರಕ್ಕೆ ಉಬ್ಬುತ್ತದೆ. ಕುತ್ತಿಗೆಯ ಕೆಳಭಾಗದ ಮಣಿಗಳ ನಡುವೆ ಇದು ಹೆಚ್ಚು. ಉಬ್ಬಿದ ಭಾಗ ಪಕ್ಕದಲ್ಲಿ ಹೊರಡುವ ನರವನ್ನು ಒತ್ತಿದರೆ ಭುಜದಿಂದ ಬೆರಳಿನವರೆಗೆ ಸೆಳೆತ, ಜೋಮು, ಉರಿ ಕಾಣಿಸುತ್ತದೆ. ಹನಿ ನೀರಾವರಿಯ ಪೈಪನ್ನು ತಲೆಯ ಕಡೆ ತುಳಿದರೆ ಕೊನೆಯ ಗಿಡ ಒಣಗುವಂತೆ, ಕುತ್ತಿಗೆಯಲ್ಲಿ ಒತ್ತಿದರೆ ಬೆರಳು ಜೋಮು ಹಿಡಿಯುತ್ತದೆ. ಹೆಬ್ಬೆರಳಿನ ಜೋಮು ಒಂದು ನರದ್ದು, ನಡುಬೆರಳಿನದು ಇನ್ನೊಂದರದ್ದು, ಕಿರುಬೆರಳಿನದು ಮತ್ತೊಂದರದ್ದು. ಯಾವ ಬೆರಳು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಿದರೆ ರೋಗದ ಜಾಗ ಹುಡುಕಲು ಸಹಾಯವಾಗುತ್ತದೆ.

ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿರುವುದನ್ನು ಕಂಡೇ ಎಷ್ಟೋ ಮಂದಿ ಎದೆಗುಂದುತ್ತಾರೆ. ಅಂಥವರು ಒಂದು ಸಂಗತಿಯನ್ನು ತಿಳಿಯಬೇಕು. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯನ್ನು ಹೀಗೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡುಬಂದಿತು. ಅಂದರೆ, ಕೂದಲು ನರೆಯುವಂತೆ ಡಿಸ್ಕ್ ಕೂಡ ಸವೆಯುತ್ತದೆ. ಚಿತ್ರದಲ್ಲಿರುವ ಉಬ್ಬಿಗಿಂತ ಕೈಯ ಬಲ, ನಡಿಗೆ, ನೋವಿನ ರೀತಿ ಇವುಗಳೇ ಮುಖ್ಯ. ಕೈಗೆ ನೋವು ಇಳಿದವರಲ್ಲಿಯೂ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಗುಣ ಕಾಣುತ್ತದೆ. ಈ ಅವಧಿಯನ್ನು ಹೇಗೆ ಕಳೆಯುತ್ತೇವೆ ಎಂಬುದರ ಮೇಲೆ ಮುಂದಿನ ದುಡಿಮೆ ನಿಂತಿದೆ.

ಮೊದಲು ವೈದ್ಯರು, ಆಮೇಲೆ ವ್ಯಾಯಾಮ

ಕೆಲವು ಲಕ್ಷಣಗಳಿದ್ದರೆ ವ್ಯಾಯಾಮದ ಮಾತನ್ನೇ ಎತ್ತದೆ ಆಸ್ಪತ್ರೆಗೆ ಹೋಗತಕ್ಕದ್ದು. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಕೈಯಲ್ಲಿನ ಚೊಂಬು ತಾನಾಗಿ ಜಾರುವುದು, ಎಂದಿನ ಬದುವಿನ ಮೇಲೆ ನಡೆಯುವಾಗ ಕಾಲು ತೊಡರುವುದು, ಕಾಲುಗಳು ಬಿಗಿಯುವುದು, ಮಲಮೂತ್ರದ ಹಿಡಿತ ತಪ್ಪುವುದು — ಇವು ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆಗಳು. ದಿನದಿಂದ ದಿನಕ್ಕೆ ಕೈಯ ಬಲ ಕುಂದುತ್ತಿದ್ದರೂ ತಡಮಾಡಬಾರದು. ಮರದಿಂದಲೋ ಬಂಡಿಯಿಂದಲೋ ಬಿದ್ದ ನಂತರ ಬಂದ ಕುತ್ತಿಗೆ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ಮೈ ಇಳಿಯುತ್ತಿರುವವರ ನೋವು ಇವೂ ಇದೇ ಸಾಲಿಗೆ ಸೇರಿವೆ. ಎಡಗೈ ಸೆಳೆತದ ಜೊತೆಗೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಕುತ್ತಿಗೆಯದಲ್ಲ, ಹೃದಯದ್ದಿರಬಹುದು. ಆಗ ಒಂದು ಗಳಿಗೆಯೂ ಕಾಯಬಾರದು.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡ ಮೇಲೆ ಕುತ್ತಿಗೆಯನ್ನು ಎರಡೂ ಕಡೆ ಫಟ್ಟನೆ ತಿರುವಿಸಿ ಲಟಿಕೆ ತೆಗೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಆದರೆ ಹಾಗೆ ತಿರುಚಿದಾಗ ಡಿಸ್ಕಿಗೂ ನರಕ್ಕೂ ಅಪಾಯವಿದೆ, ಕುತ್ತಿಗೆಯ ಮೂಲಕ ಮಿದುಳಿಗೆ ಹೋಗುವ ರಕ್ತನಾಳಕ್ಕೂ ಅಪಾಯವಿದೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕುತ್ತಿಗೆ ತಿರುಚಿದ ನಂತರ ರಕ್ತನಾಳ ಹರಿದು ಪಾರ್ಶ್ವವಾಯು ಬಡಿದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಡಿಸ್ಕ್ ಉಬ್ಬಿರುವವರು ಲಟಿಕೆಯ ಹತ್ತಿರ ಸುಳಿಯಲೇಬಾರದು. ಮೂಳೆ ಕೂರಿಸುತ್ತೇವೆಂದು ಕುತ್ತಿಗೆಯನ್ನು ಎಳೆಯುವವರಿಗೂ ಇದೇ ಉತ್ತರ.

ನೋವಿನ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣೂ ಮೂತ್ರಪಿಂಡದ ತೊಂದರೆಯೂ ಬಂದೀತು. ಕೊರಳ ಪಟ್ಟಿಯನ್ನು ತೀವ್ರ ನೋವಿನ ಕೆಲವು ದಿನ ವೈದ್ಯರ ಸಲಹೆಯಂತೆ ಕಟ್ಟಿದರೆ ಸಾಕು. ವರ್ಷವಿಡೀ ಕಟ್ಟಿದ ಕುತ್ತಿಗೆ, ಊರುಗೋಲು ಬಿಡಲಾರದ ಬಳ್ಳಿಯಂತೆ ಆಗುತ್ತದೆ.

ದುಡಿಯುವ ಮೈಗೆ ವ್ಯಾಯಾಮ ಏಕೆ?

ಬೆಳಗಿನಿಂದ ಸಂಜೆಯವರೆಗೆ ಮೈ ಮುರಿದು ದುಡಿಯುವವನಿಗೆ ಮತ್ತೇಕೆ ಕಸರತ್ತು ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ ಎಂಬುದನ್ನು ತಿಳಿಯಬೇಕು. ದುಡಿಮೆಯಲ್ಲಿ ಕೆಲಸ ಮುಗಿಯುವುದು ಮುಖ್ಯ. ಕುತ್ತಿಗೆ ಹೇಗಿದೆಯೆಂದು ಯಾರೂ ನೋಡುವುದಿಲ್ಲ. ನಾಟಿ ಮಾಡುವಾಗ, ಕಳೆ ಕೀಳುವಾಗ ಕುತ್ತಿಗೆ ಗಂಟೆಗಟ್ಟಲೆ ಒಂದೇ ಕಡೆಗೆ ಬಾಗಿರುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವ ಅಪಾಯ ತಪ್ಪಿಸಿರುವುದು ಸಂತೋಷದ ವಿಷಯ. ಆದರೆ ಕೊನೆ ಇಳಿಸುವವನು ದಿನವಿಡೀ ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲೆಯೇ ನೋಡಬೇಕಾಗಿದೆ. ಟ್ರ್ಯಾಕ್ಟರ್ ಓಡಿಸುವವನು ಹಿಂದಿನ ನೇಗಿಲನ್ನು ನೋಡಲು ಮತ್ತೆ ಮತ್ತೆ ಒಂದೇ ಬದಿಗೆ ಕತ್ತು ತಿರುಗಿಸುತ್ತಾನೆ. ಇವೆಲ್ಲ ಕುತ್ತಿಗೆಯನ್ನು ದಣಿಸುತ್ತವೆಯೇ ಹೊರತು ಬಲಪಡಿಸುವುದಿಲ್ಲ. ವ್ಯಾಯಾಮದಲ್ಲಾದರೋ ಭಾರ, ದಿಕ್ಕು, ಎಣಿಕೆ ಎಲ್ಲವೂ ನಮ್ಮ ಹಿಡಿತದಲ್ಲಿರುತ್ತವೆ. ಗೊಬ್ಬರವನ್ನು ಅಳತೆಯಿಂದ ಕೊಟ್ಟರೆ ಬೆಳೆಗೆ ಹಿತ, ಚೀಲ ಸುರಿದರೆ ಬೆಳೆ ಸುಟ್ಟುಹೋಗುತ್ತದೆ; ಇದೂ ಹಾಗೆಯೇ.

ಮಾಡಬಹುದಾದ ವ್ಯಾಯಾಮಗಳು

ವೈದ್ಯರಿಗೆ ತೋರಿಸಿ, ಅಪಾಯದ ಲಕ್ಷಣಗಳಿಲ್ಲವೆಂದು ಖಚಿತವಾದ ಮೇಲೆ ಕೆಳಗಿನವುಗಳನ್ನು ಆರಂಭಿಸಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಅಂಗಮರ್ದನ ಚಿಕಿತ್ಸಕರು, ಅಂದರೆ ಫಿಸಿಯೋಥೆರಪಿಯವರು ಇರುತ್ತಾರೆ. ಒಮ್ಮೆ ಅವರ ಎದುರಿನಲ್ಲಿ ಮಾಡಿ ತಿದ್ದಿಸಿಕೊಂಡರೆ ಇನ್ನೂ ಉತ್ತಮ.

ಮೊದಲನೆಯದು ನಡಿಗೆ. ತೀವ್ರ ನೋವಿನ ಮೊದಲ ದಿನಗಳಲ್ಲೂ ಸಮನಾದ ನೆಲದ ಮೇಲೆ ಹತ್ತು ನಿಮಿಷ, ನಂತರ ಕ್ರಮೇಣ ಅರ್ಧ ಗಂಟೆ ಕೈ ಬೀಸಿ ನಡೆಯಬೇಕು. ಕೈಯಲ್ಲಿ ಬಿಂದಿಗೆ, ತಲೆಯ ಮೇಲೆ ಬುಟ್ಟಿ ಇರಕೂಡದು.

ಎರಡನೆಯದು ಗದ್ದವನ್ನು ಹಿಂದಕ್ಕೆ ಸರಿಸುವುದು. ಗೋಡೆಗೆ ಬೆನ್ನು ಆನಿಸಿ ಕುಳಿತು, ತಲೆಯನ್ನು ಮೇಲೆತ್ತದೆ, ಕೆಳಗೂ ಬಗ್ಗಿಸದೆ, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳಬೇಕು. ಮನಸ್ಸಿನಲ್ಲಿ 5 ಎಣಿಸಿ ಬಿಡಬೇಕು. ಹೀಗೆ 8ರಿಂದ 10 ಸಲ, ದಿನಕ್ಕೆ ಎರಡು ಮೂರು ಬಾರಿ.

ಮೂರನೆಯದು ಹೆಗಲಿನ ಹಿಂಬದಿಯ ಎರಡು ರೆಕ್ಕೆ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ತರುವುದು. ಭುಜಗಳನ್ನು ಕಿವಿಯ ಕಡೆಗೆ ಏರಿಸಬಾರದು. ಇದನ್ನೂ 5 ಎಣಿಸುವವರೆಗೆ ಹಿಡಿದು, 10 ಸಲ ಮಾಡಬೇಕು. ತಲೆಯ ಭಾರ 4.5ರಿಂದ 5 ಕಿಲೋ. ಅದನ್ನು ಹೊರುವಲ್ಲಿ ಹೆಗಲಿನ ಸ್ನಾಯುಗಳೂ ಪಾಲುದಾರರು ಎಂಬುದನ್ನು ಮರೆಯಬಾರದು.

ನಾಲ್ಕನೆಯದು ಅಂಗೈಯ ಒತ್ತಡ. ನೋವಿನ ತೀವ್ರತೆ ಇಳಿದ ಮೇಲೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಹಣೆಯಿಂದಲೂ ಮೆಲ್ಲನೆ ಒತ್ತಬೇಕು. ಹಾಗೆಯೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಪೂರ್ಣ ಬಲ ಹಾಕದೆ, ಅರ್ಧಕ್ಕಿಂತ ಕಡಿಮೆ ಬಲದಿಂದ, ಪ್ರತಿ ದಿಕ್ಕಿಗೂ 5 ಸಲ ಸಾಕು. ಉಸಿರು ಬಿಗಿಹಿಡಿಯಬಾರದು.

ಐದನೆಯದು ಸೈಕಲ್ ಟ್ಯೂಬಿನ ಎಳೆತ. ಮೂರು ನಾಲ್ಕು ವಾರಗಳ ನಂತರ, ಕೈಯ ಜೋಮು ತಗ್ಗಿದ್ದರೆ, ಹಳೆಯ ಸೈಕಲ್ ಟ್ಯೂಬನ್ನು ಕೊಟ್ಟಿಗೆಯ ಕಂಬಕ್ಕೆ ಎದೆಯ ಮಟ್ಟದಲ್ಲಿ ಕಟ್ಟಿ, ಎರಡೂ ತುದಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಸವರಿಕೊಂಡು ಹಿಂದಕ್ಕೆ ಎಳೆಯಬೇಕು. ಗದ್ದ ಮುಂದಕ್ಕೆ ಚಾಚದಿರಲಿ. 8 ಸಲದಿಂದ ತೊಡಗಿ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು. ಖರ್ಚು ಏನೂ ಇಲ್ಲ.

ಕುತ್ತಿಗೆಯನ್ನು ಬುಗುರಿಯಂತೆ ಸುತ್ತಲೂ ತಿರುಗಿಸುವುದು ಬೇಡ. ಎಡಕ್ಕೂ ಬಲಕ್ಕೂ ನೋವಿಲ್ಲದಷ್ಟು ಮಾತ್ರ ನಿಧಾನವಾಗಿ ತಿರುಗಿಸಿದರೆ ಸಾಕು. 2015ರಿಂದ ಪ್ರತಿ ವರ್ಷ ಜೂನ್ 21ರಂದು ಹಳ್ಳಿಯ ಶಾಲೆಗಳಲ್ಲೂ ಯೋಗ ದಿನ ನಡೆಯುತ್ತಿದೆ. ಯೋಗ ಒಳ್ಳೆಯದೇ. ಆದರೆ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಇವು ಮೈಯ ಭಾರವನ್ನು ಕುತ್ತಿಗೆಯ ಮೇಲೆ ಹಾಕುವಂಥವು. ಡಿಸ್ಕ್ ಉಬ್ಬಿರುವವರು ಇವುಗಳನ್ನು ಬಿಡಬೇಕು. ಸಾಲಿನಲ್ಲಿರುವ ಎಲ್ಲರೂ ಮಾಡುತ್ತಿದ್ದಾರೆಂಬ ಸಂಕೋಚ ಬೇಡ.

ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುವುದು ಹೇಗೆ?

ಇದಕ್ಕೆ ಎರಡು ಸುಲಭ ಪರೀಕ್ಷೆಗಳಿವೆ. ಮೊದಲನೆಯದು ನೋವಿನ ದಿಕ್ಕು. ಬೆರಳಿನವರೆಗೆ ಇಳಿದಿದ್ದ ನೋವು ಮೊಣಕೈಗೆ, ಅಲ್ಲಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ ಹಿಂತಿರುಗುತ್ತಿದ್ದರೆ ವ್ಯಾಯಾಮ ಒಗ್ಗುತ್ತಿದೆ ಎಂದು ತಿಳಿಯಬೇಕು. ಆಗ ಕುತ್ತಿಗೆಯಲ್ಲೇ ಸ್ವಲ್ಪ ನೋವು ಕಂಡರೂ ಗಾಬರಿಯಾಗಬೇಕಿಲ್ಲ. ಅದರ ಬದಲು ನೋವು, ಜೋಮು ಕೈಯ ಕೆಳಕ್ಕೆ ಇಳಿಯುತ್ತಿದ್ದರೆ ಕೂಡಲೇ ಅದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಎರಡನೆಯದು ಮರುದಿನದ ಬೆಳಗು. ವ್ಯಾಯಾಮದ ನಂತರದ ಸಣ್ಣ ನೋವು ರಾತ್ರಿ ಮಲಗಿ ಎದ್ದಾಗ ಇಲ್ಲವಾಗಿದ್ದರೆ ಅಳತೆ ಸರಿಯಿದೆ. ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಬೇಕು. ಓದಲು ಬಾರದ ಹಿರಿಯರಿಗೂ ಈ ಎರಡು ಪರೀಕ್ಷೆಗಳನ್ನು ವಾಚನಾಲಯದಲ್ಲಿ ಓದಿ ತಿಳಿಸಬೇಕೆಂದು ಕೋರುತ್ತೇವೆ.

ಕೆಲಸಕ್ಕೆ ಮರಳುವ ಮೆಟ್ಟಿಲುಗಳು

ಕೆಲಸಕ್ಕೆ ಮರಳುವಾಗಲೂ ಬಾತ ಹೆಗಲಿನ ಎತ್ತನ್ನು ಪಳಗಿಸುವ ಕ್ರಮವೇ ಇರಲಿ. ಮೊದಲು ನೀರು ಕಟ್ಟುವುದು, ದನ ನೋಡಿಕೊಳ್ಳುವುದು ಮುಂತಾದ ಹಗುರ ಕೆಲಸ. ಬಗ್ಗಿ ಮಾಡುವ ಕೆಲಸವನ್ನು ಅರ್ಧ ಗಂಟೆಗೊಮ್ಮೆ ಬಿಟ್ಟು, ಎದ್ದು ನಿಂತು, ಗದ್ದ ಹಿಂದಕ್ಕೆ ಸರಿಸುವ ವ್ಯಾಯಾಮವನ್ನು ನಾಲ್ಕು ಸಲ ಮಾಡಿ ಮುಂದುವರಿಸಬೇಕು. ಏನನ್ನಾದರೂ ಎತ್ತುವುದಾದರೆ 5 ಕಿಲೋದಿಂದ ತೊಡಗಿ, ಎರಡೂ ಕೈಗಳಿಂದ, ಮೈಗೆ ಒತ್ತಿ ಹಿಡಿದು ಎತ್ತಬೇಕು. ದೋಟಿಯ ಕೆಲಸ, ಭುಜಕ್ಕಿಂತ ಮೇಲೆ ಕೈಯೆತ್ತುವ ಕೆಲಸ ಇವೆಲ್ಲ ಕೊನೆಗೆ. ಮಾಡುವಾಗಲೂ ಇಬ್ಬರು ಸರದಿಯ ಮೇಲೆ ಮಾಡಬೇಕು.

ಬೆನ್ನಿಗೆ ಹೊರುವ 16 ಲೀಟರಿನ ಸಿಂಪರಣಾ ಯಂತ್ರದಲ್ಲಿ ನೀರಿನ ಭಾರವೇ 16 ಕಿಲೋ. ಯಂತ್ರದ ತೂಕ ಬೇರೆ. ಅದರ ಪಟ್ಟಿ ಹೆಗಲನ್ನು ಕೆಳಕ್ಕೆ ಎಳೆಯುತ್ತದೆ. ಕುತ್ತಿಗೆ ನೋವಿನವರು ಇದನ್ನು ಇತರರಿಗೆ ಬಿಡುವುದು ಒಳ್ಳೆಯದು. ಬಿಡಲಾಗದಿದ್ದರೆ ಗುಣ ಕಂಡ ಮೇಲೆ ಅರ್ಧ ಮಾತ್ರ ತುಂಬಿ ಎರಡು ಸಲ ಹೋಗಬೇಕು. ಉದ್ದ ಪೈಪಿನ ಪಂಪು ಬಾಡಿಗೆಗೆ ಸಿಗುವ ಕಡೆ ಅದನ್ನೇ ಬಳಸಬೇಕು.

ತಲೆಹೊರೆಗೆ ಮಾತ್ರ ಮರಳದಿರುವುದೇ ಲೇಸು. ಸಿಂಬೆ ಇಟ್ಟುಕೊಂಡರೆ ನೆತ್ತಿಗೆ ಹಿತವಾದೀತು. ಆದರೆ ಭಾರವೆಲ್ಲ ಕುತ್ತಿಗೆಯ ಮೆತ್ತೆಗಳ ಮೇಲೆಯೇ ಬೀಳುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ, ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರದಂತೆ ನೋಡಿಕೊಳ್ಳಬೇಕು, ಹೆಂಗಸರ ಹೊರೆ ಅದಕ್ಕಿಂತ ಬಹಳ ಕಡಿಮೆಯಿರಬೇಕು ಎಂದು ಶಿಫಾರಸು ಮಾಡಿದೆ. ಅದು ಆರೋಗ್ಯವಂತರ ಮಾತು. ನಮ್ಮಲ್ಲಿ ಯೂರಿಯಾ ಚೀಲ 2018ರಲ್ಲಿ 50 ಕಿಲೋದಿಂದ 45 ಕಿಲೋಗೆ ಇಳಿಯಿತು. ಅದು ಕುತ್ತಿಗೆಯ ಸಲುವಾಗಿ ಮಾಡಿದ್ದಲ್ಲ. ನೊಂದ ಕುತ್ತಿಗೆಗೆ 45 ಕಿಲೋ ಕೂಡ ವಿಪರೀತವೇ. ಚೀಲವನ್ನು ಬಿಚ್ಚಿ ಎರಡು ಮೂರು ಪಾಲು ಮಾಡಿ ಕೈಗಾಡಿಯಲ್ಲಿ ತಳ್ಳಿದರೆ ಅರ್ಧ ಗಂಟೆ ಹೆಚ್ಚು ಹಿಡಿದೀತು. ಆ ಅರ್ಧ ಗಂಟೆ ನಷ್ಟವಲ್ಲ.

ಈ ಮಾತು ಗಂಡಸರಿಗಷ್ಟೇ ಅಲ್ಲ. ಹುಲ್ಲಿನ ಹೊರೆ, ಸೌದೆ, ನೀರಿನ ಕೊಡ, ಗೊಬ್ಬರದ ಮಂಕರಿ ಇವನ್ನು ದಿನನಿತ್ಯ ಹೊರುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳು. ಮನೆಯ ಯಜಮಾನನಿಗೆ ಕುತ್ತಿಗೆ ಹಿಡಿದರೆ ಪೇಟೆಯ ಆಸ್ಪತ್ರೆ, ಮನೆಯಾಕೆಗೆ ಹಿಡಿದರೆ ಬಿಸಿನೀರಿನ ಶಾಖ ಎಂಬ ಭೇದ ಇನ್ನಾದರೂ ಹೋಗಬೇಕು. ಆಕೆಯ ಕೈ ಜೋಮು ಹಿಡಿದಾಗ ಬಳೆ ಬಿಗಿಯಾಯಿತೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸುವುದು ಮನೆಯವರೆಲ್ಲರ ಕರ್ತವ್ಯ.

ಊರು ಮಾಡಬೇಕಾದ ಕೆಲಸ

ವ್ಯಾಯಾಮವನ್ನು ಪ್ರತಿಯೊಬ್ಬರೂ ತಾವೇ ಮಾಡಬೇಕು, ನಿಜ. ಆದರೆ ಹೊರೆ ಇಳಿಸುವ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಡಿಸ್ಕ್ ಉಬ್ಬಿರುವ ಕೂಲಿಯಾಳು ಚೀಲ ಹೊರಲಾರೆನೆಂದರೆ ಅಂದಿನ ಕೂಲಿಯೇ ತಪ್ಪುತ್ತದೆ. ಅದಕ್ಕಾಗಿಯೇ ಆತ ನೋವು ಮುಚ್ಚಿಟ್ಟು ಹೊರುತ್ತಾನೆ. ಪ್ರತಿ ಸಹಕಾರ ಸಂಘದ ಗೋದಾಮಿನ ಬಾಗಿಲಲ್ಲಿ ಎರಡು ಕೈಗಾಡಿಗಳನ್ನು ಇಡುವುದು ದೊಡ್ಡ ಖರ್ಚಿನ ಮಾತಲ್ಲ. ಸ್ತ್ರೀಶಕ್ತಿ ಸಂಘಗಳು ತಮ್ಮ ಉಳಿತಾಯದಿಂದ ಹುಲ್ಲು ಸಾಗಿಸುವ ತಳ್ಳುಗಾಡಿಯನ್ನು ಕೊಂಡು ಸರದಿಯ ಮೇಲೆ ಬಳಸಬಹುದು. ಕಣದಲ್ಲಿ ಧಾನ್ಯ ತುಂಬುವವರು ದೊಡ್ಡ ಚೀಲವನ್ನು ಬಾಯಿಮಟ ತುಂಬುವ ಬದಲು ಸಣ್ಣ ಚೀಲಗಳಿಗೆ ತುಂಬಬಹುದು. ಆಳಿಗೆ ಕುತ್ತಿಗೆ ನೋವಿದೆಯೆಂದು ತಿಳಿದಾಗ ಕೂಲಿ ತಪ್ಪಿಸದೆ ಬೇರೆ ಕೆಲಸ ಕೊಡುವುದು ಹೊಲದೊಡೆಯನ ಧರ್ಮ. ವಾಚನಾಲಯದ ಗೋಡೆಯ ಮೇಲೆ ಅಪಾಯದ ಲಕ್ಷಣಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸುವುದಕ್ಕಂತೂ ಹಣವೇ ಬೇಡ.

ಡಿಸ್ಕ್ ಉಬ್ಬಿತೆಂದರೆ ಬೇಸಾಯ ಮುಗಿಯಿತೆಂದಲ್ಲ. ಸರಿಯಾದ ಸಮಯಕ್ಕೆ ವೈದ್ಯರನ್ನು ಕಂಡು, ಲಟಿಕೆ ಮತ್ತು ತಲೆಹೊರೆ ಎರಡನ್ನೂ ಬಿಟ್ಟು, ದಿನಕ್ಕೆ ಕಾಲು ಗಂಟೆಯ ವ್ಯಾಯಾಮವನ್ನು ತಪ್ಪದೆ ಮಾಡಿದವರಲ್ಲಿ ಹೆಚ್ಚಿನವರು ಮತ್ತೆ ತಮ್ಮ ಹೊಲದ ಕೆಲಸಕ್ಕೆ ಮರಳಬಲ್ಲರು. ಬೀಜ ಬಿತ್ತಿದ ಮರುದಿನವೇ ಮೊಳಕೆ ಹುಡುಕುವ ಆತುರ ಇಲ್ಲಿ ಬೇಡ. ಆರು ವಾರ, ಎಂಟು ವಾರ ತಾಳ್ಮೆಯಿಂದ ನಡೆಸಬೇಕು. ಈ ವಾರವೇ ಒಂದು ಕೆಲಸದಿಂದ ತೊಡಗಬಹುದು: ನಿಮ್ಮ ಮನೆಯಲ್ಲಿ ಯಾರ ಕೈ ಜೋಮು ಹಿಡಿಯುತ್ತಿದೆ ಎಂದು ಕೇಳಿ ನೋಡಿ, ಇದ್ದರೆ ಅವರ ತಲೆಯ ಮೇಲಿನ ಹೊರೆಯನ್ನು ಇಂದೇ ಇಳಿಸಿ.